ಒಂದಿಂಚಿಗೆ ಎಷ್ಟು?

ಹಳೆಯ ಜೀಪನ್ನು ಎತ್ತರಿಸಲು ಎಷ್ಟು ಖರ್ಚಾಗುತ್ತದೆ ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ಎತ್ತರಿಸಬೇಕಾದ್ದು ಬಾಡಿಯನ್ನೋ, ಆಕ್ಸಲ್ಲನ್ನೋ? ಬಹಳ ಜನ ಈ ಪ್ರಶ್ನೆ ತಲೆಗೆ ಬರುವ ಮೊದಲೇ ಗ್ಯಾರೇಜಿಗೆ ಅಡ್ವಾನ್ಸ್ ಕೊಟ್ಟು ಬಂದಿರುತ್ತಾರೆ.

ಸಕಲೇಶಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಶೆಡ್ಡಿನಲ್ಲಿ ಒಂದು ಮಹೀಂದ್ರ ಎಂಎಂ 540 ಇದೆ. ಪ್ಯೂಜೊ ಡೀಸೆಲ್ ಎಂಜಿನ್, ಕ್ಯಾನ್ವಾಸ್ ಟಾಪು, ಹಿಂದೆ ಎದುರುಬದುರು ಸೀಟು. ಗೊಬ್ಬರ, ಕಾಫಿ ಮೂಟೆ, ಆಳುಗಳು, ಒಮ್ಮೆ ಹೆರಿಗೆಗೆ ಹೊರಟ ಹೆಂಗಸು, ಎಲ್ಲವನ್ನೂ ಹೊತ್ತಿದೆ. ಎಫ್‌ಡಿ, ವಿಮೆ, ಮ್ಯೂಚುವಲ್ ಫಂಡ್ ಎಂದು ಬರೆಯುವ ಈ ಅಂಕಣದಲ್ಲಿ ಜೀಪಿನ ಕಮಾನು ಪ್ಲೇಟು ಏಕೆ ಬಂತೆಂದರೆ, ನಮ್ಮ ಮನೆಯ ಲೆಕ್ಕದಲ್ಲಿ ಇತ್ತೀಚೆಗೆ ಅತಿ ಹೆಚ್ಚು ವಾದ ಎಬ್ಬಿಸಿದ ಬಾಬತ್ತು ಅದೇ. ವಾದಿ ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ರಜೆಗೆ ಬಂದರೆ ಜೀಪಿನ ಅಡಿಯಲ್ಲೇ ವಾಸ. "ಮಾವ, ಒಂದೂವರೆ ಲಕ್ಷ ಹಾಕಿದ್ರೆ ಈ ಗಾಡಿ ಗೋಡೆ ಹತ್ತುತ್ತೆ" ಎಂಬುದು ಅವನ ವಾದ. ನಮ್ಮ ತೋಟದಲ್ಲಿ ಹತ್ತಬೇಕಾದ ಗೋಡೆ ಯಾವುದೂ ಇಲ್ಲ ಎಂಬುದು ನನ್ನದು.

1947ರಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದ ಕಾಲದಿಂದ ಈ ವಂಶದ ಗಾಡಿಗಳ ತಳ ಹೆಚ್ಚು ಬದಲಾಗಲಿಲ್ಲ. ಹಿಂದೆ ಮುಂದೆ ಇಡಿಯಾದ ಆಕ್ಸಲ್, ನಾಲ್ಕು ಮೂಲೆಗೆ ಕಮಾನು ಪ್ಲೇಟು. ಪ್ಲೇಟಿನ ಕಟ್ಟು ಆಕ್ಸಲ್ಲಿನ ಕೆಳಗೆ ಇರುತ್ತದೆ. ಅದನ್ನು ಬಿಚ್ಚಿ ಆಕ್ಸಲ್ಲಿನ ಮೇಲೆ ಕೂರಿಸಿದರೆ ಆಕ್ಸಲ್ ಕೊಳವೆಯ ದಪ್ಪ ಮತ್ತು ಪ್ಲೇಟಿನ ಕಟ್ಟಿನ ದಪ್ಪ ಸೇರಿ ಬಾಡಿ ನಾಲ್ಕೈದು ಇಂಚು ಮೇಲೇಳುತ್ತದೆ. ಹುಡುಗರಿಗೆ ಪ್ರಿಯವಾದ ಕೆಲಸ ಇದು. ಗಾಡಿ ಒಂದೇ ದಿನದಲ್ಲಿ ಬೇರೆ ಜಾತಿಯದಾಗಿ ಕಾಣುತ್ತದೆ. ಹರಿಯಾಣದ ಮಂಡಿ ದಬ್ವಾಲಿಯಂಥ ಊರಿನಲ್ಲಿ ಜೀಪುಗಳ ರೂಪ ಬದಲಿಸುವುದೇ ಒಂದು ದೊಡ್ಡ ಕಸುಬಾಗಿದೆ.

ಆದರೆ ನೆಲಕ್ಕೆ ಮೊದಲು ತಾಗುವುದು ಬಾಡಿ ಅಲ್ಲವಲ್ಲ. ಆಕ್ಸಲ್ಲಿನ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಹೌಸಿಂಗ್ ತಾಗುತ್ತದೆ. ಕಮಾನನ್ನು ಎಲ್ಲಿ ಕೂರಿಸಿದರೂ ಅದು ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ಕೂತಿರುವುದು ಚಕ್ರದ ಮೇಲೆ. ಅದನ್ನು ಎತ್ತಬಲ್ಲದ್ದು ಟೈರು ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ. 28 ಇಂಚಿನ ಟೈರಿನ ಜಾಗಕ್ಕೆ 31 ಇಂಚಿನದು ಹಾಕಿದರೆ ಹೌಸಿಂಗ್ ಮೇಲೇರುವುದು ಒಂದೂವರೆ ಇಂಚು.

ನನಗೆ ಬಂದ ಎಸ್ಟಿಮೇಟಿನಲ್ಲಿ ಕಮಾನು ಮೇಲೆ ಕೂರಿಸುವ ಕೆಲಸಕ್ಕೆ ಎಲ್ಲ ಸೇರಿ 85 ಸಾವಿರ. ನಾಲ್ಕೂವರೆ ಇಂಚು ಎಂದುಕೊಂಡರೆ ಇಂಚಿಗೆ ಹತ್ತೊಂಬತ್ತು ಸಾವಿರದ ಹತ್ತಿರ. ರಿಮ್ ಸಮೇತ ಐದು ದೊಡ್ಡ ಟೈರಿಗೂ ಸುಮಾರು ಅಷ್ಟೇ. ಅಲ್ಲಿ ಒಂದೂವರೆ ಇಂಚಿಗೆ ಭಾಗಿಸಿದರೆ ಇಂಚಿಗೆ 57 ಸಾವಿರ. ಎರಡನೆಯದು ದುಬಾರಿಯಾಗಿ ಕಾಣುತ್ತದೆ, ಆದರೆ ಕಲ್ಲಿನ ಮೇಲಿಂದ ಹೌಸಿಂಗ್ ದಾಟಿಸುವ ಇಂಚು ಅದೊಂದೇ. ಮೊದಲನೆಯದು ದೊಡ್ಡ ಟೈರಿಗೆ ಜಾಗ ಮಾಡಿಕೊಡುತ್ತದೆ, ಬಾಡಿಯ ಮೂತಿ ಮತ್ತು ಬಾಲ ದಿಬ್ಬಕ್ಕೆ ತಾಗದಂತೆ ನೋಡಿಕೊಳ್ಳುತ್ತದೆ. ಉಳಿದದ್ದು ಫೋಟೊಗೆ.

ಎಸ್ಟಿಮೇಟಿನಲ್ಲಿ ಕಾಣದ ಖರ್ಚು ಬೇರೆ ಇದೆ. ಬಾಡಿ ಮೇಲೆ ಹೋದರೆ ಬ್ರೇಕಿನ ಹೋಸ್ ಗಿಡ್ಡವಾಗುತ್ತದೆ. ಅದು ನಾನೂರು ಐನೂರು ರೂಪಾಯಿಯ ವಸ್ತು, ಆದರೂ ಮರೆಯುವವರೇ ಹೆಚ್ಚು. ಪ್ರೊಪೆಲ್ಲರ್ ಶಾಫ್ಟಿನ ಇಳಿಜಾರು ಹೆಚ್ಚಾಗಿ ಅದರ ಕೀಲಾದ ಕ್ರಾಸು ಬೇಗ ಸವೆಯುತ್ತದೆ, ಆಕ್ಸಲ್ಲನ್ನು ತುಸು ತಿರುಗಿಸಿ ಪಿನಿಯನ್ನಿನ ಕೋನ ಹೊಂದಿಸಬೇಕು. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ರಾಡ್ ಓರೆಯಾಗುತ್ತದೆ. ಗುಂಡಿಗೆ ಇಳಿದಾಗಲೆಲ್ಲ ಗಾಡಿ ತಾನೇ ಪಕ್ಕಕ್ಕೆ ಎಳೆಯುತ್ತದೆ. ಶಾಕ್ ಅಬ್ಸಾರ್ಬರ್ ಉದ್ದದ್ದು ಬೇಕು. ಕಮಾನಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಮಾತ್ರ ಉದ್ದ ಮಾಡಿಸಿ ಅಗ್ಗದಲ್ಲಿ ಮುಗಿಸುತ್ತೇನೆ ಎನ್ನುವವರಿಗೆ ಅಲ್ಲೂ ಅರ್ಧ ಲೆಕ್ಕವೇ: ಎರಡಿಂಚು ಉದ್ದದ ಶ್ಯಾಕಲ್ ಕೊಡುವುದು ಒಂದಿಂಚು. ವಿಲ್ಲೀಸ್ ವಂಶದ ಗಾಡಿಯಲ್ಲಿ ಮುಂದಿನ ಶ್ಯಾಕಲ್ ಕಮಾನಿನ ಮುಂತುದಿಗೆ ಇರುವುದರಿಂದ ಆಕ್ಸಲ್ಲಿನ ತಲೆ ಮುಂದಕ್ಕೆ ವಾಲಿ ಸ್ಟೀರಿಂಗ್ ಹಗುರಾಗುತ್ತದೆ. ಶಿರಾಡಿ ಘಾಟಿನ ಇಳಿಜಾರಿನಲ್ಲಿ, ಹಿಂದೆ ಟ್ಯಾಂಕರ್ ಇರುವಾಗ, ಸ್ಟೀರಿಂಗ್ ಕೈಯಲ್ಲಿ ಆಡತೊಡಗಿದರೆ ಉಳಿಸಿದ ದುಡ್ಡು ನೆನಪಿಗೆ ಬರುವುದಿಲ್ಲ.

ನಮ್ಮ ಮೇಸ್ತ್ರಿಗೆ ಅರವತ್ತು ದಾಟಿದೆ. ಅವರ ಲೆಕ್ಕ ನನಗೆ ಯಾವ ಹಣಕಾಸು ಪುಸ್ತಕಕ್ಕಿಂತಲೂ ಹೆಚ್ಚು ಹಿಡಿಸಿತು. "ಸಾರ್, ಎಲ್ಲಿ ಮುರೀಬೇಕು ಅಂತ ಮೊದ್ಲು ಹೇಳಿ" ಎಂದರು. ದೊಡ್ಡ ಟೈರು ಹಾಕಿ, ಹಿಂದಿನ ಡಿಫರೆನ್ಷಿಯಲ್ಲಿಗೆ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಲಾಕರ್ ಕೂರಿಸಿ, ಲೋ ಗೇರಿನಲ್ಲಿ ಬಂಡೆಗೆ ಒತ್ತಿದರೆ ಎಂಜಿನ್ನಿನ ಬಲ ಎಲ್ಲೋ ಒಂದು ಕಡೆ ಹೊರಗೆ ಬರಲೇಬೇಕು. ಹಾಫ್ ಶಾಫ್ಟ್ ಬಲಪಡಿಸಿದರೆ ಪೆಟ್ಟು ಕ್ರೌನ್ ಪಿನಿಯನ್ನಿಗೆ ಹೋಗುತ್ತದೆ. ಅದನ್ನೂ ಬಲಪಡಿಸಿದರೆ ಕ್ರಾಸಿಗೆ, ಅಲ್ಲಿಂದ ಟ್ರಾನ್ಸ್‌ಫರ್ ಕೇಸಿಗೆ. ಮನೆಯ ಫ್ಯೂಸಿಗೆ ದಪ್ಪ ತಂತಿ ಕಟ್ಟಿದರೆ ಸುಡುವುದು ಮೋಟರ್ ಅಲ್ಲವೇ, ಹಾಗೆ. ಹತ್ತಿರದ ಊರಿನಲ್ಲಿ ಸಿಗುವ, ಸಾವಿರದೊಳಗಿನ ಕ್ರಾಸು ಮುರಿದರೆ ಅದು ಲಾಭ ಎನ್ನುತ್ತಾರೆ ಅವರು. ಅಕ್ಕನ ಮಗ ಪಟ್ಟಿ ಮಾಡಿದ್ದ ಆಮದು ಏರ್ ಲಾಕರಿನ ಬೆಲೆ ಕಂಪ್ರೆಸರ್ ಸೇರಿ ಲಕ್ಷ ದಾಟುತ್ತಿತ್ತು. ಅದಕ್ಕೆ ಬದಲಾಗಿ ಡಿಫರೆನ್ಷಿಯಲ್ಲಿನ ಒಳಗಿನ ಗೇರುಗಳನ್ನೇ ವೆಲ್ಡ್ ಮಾಡಿಬಿಡುವ ಸಾವಿರದ ಲೆಕ್ಕದ ಉಪಾಯವೂ ಇದೆ. ಹಾಗೆ ಮಾಡಿದ ಗಾಡಿ ಕೆಸರಿನಲ್ಲಿ ಚೆನ್ನಾಗಿ ಎಳೆಯುತ್ತದೆ, ಟಾರು ರಸ್ತೆಯ ತಿರುವಿನಲ್ಲಿ ಟೈರು ಕಿರುಚುತ್ತದೆ, ಶಾಫ್ಟು ತಿರುಚುತ್ತದೆ. ಮಳೆಯ ಘಾಟಿಯಲ್ಲಿ ಅದನ್ನು ಓಡಿಸುವ ಧೈರ್ಯ ನನಗಿಲ್ಲ.

ದೊಡ್ಡ ಟೈರಿಗೆ ಇನ್ನೊಂದು ಬಡ್ಡಿ ಉಂಟು. ಇದೇ ವಂಶದ ವಿಲ್ಲೀಸ್ ಸಿಜೆ-3ಬಿ ಜೀಪಿನ ಆಕ್ಸಲ್ ಅನುಪಾತ 5.38. ಟೈರು 28ರಿಂದ 31ಕ್ಕೆ ಏರಿದರೆ ಅದು ಸುಮಾರು 4.9ರಂತೆ ನಡೆದುಕೊಳ್ಳುತ್ತದೆ. ಎರಡನೇ ಗೇರಿನಲ್ಲಿ ಏರುತ್ತಿದ್ದ ಏರಿಗೆ ಒಂದನೆಯದು ಬೇಕಾಗುತ್ತದೆ, ಕ್ಲಚ್ ಬೇಗ ಸವೆಯುತ್ತದೆ. ಮೀಟರು 40 ತೋರಿಸುವಾಗ ಗಾಡಿ 44ರಲ್ಲಿರುತ್ತದೆ, ಬ್ರೇಕು ಅದೇ ಹಳೆಯ ಡ್ರಮ್ಮು.

ಕೊನೆಗೆ ನಾವು ಮಾಡಿಸಿದ್ದು ಇಷ್ಟು. ಹಾಸನದಲ್ಲಿ ಲಾರಿಗಳ ಕಮಾನು ಕಟ್ಟುವ ಅಂಗಡಿಗೆ ಜೀಪು ಒಯ್ದೆವು. ಯು-ಬೋಲ್ಟ್ ಬಿಚ್ಚಿ ಪ್ಲೇಟುಗಳನ್ನು ಉದ್ದದ ಕ್ರಮದಲ್ಲಿ ನೆಲಕ್ಕೆ ಹರಡಿದಾಗ ಸ್ಥಿತಿ ಗೊತ್ತಾಯಿತು. ಮೇನ್ ಪ್ಲೇಟಿನ ಕಣ್ಣು ದುಂಡಗೆ ಉಳಿದಿರಲಿಲ್ಲ, ಬುಶ್ಶಿನ ರಬ್ಬರು ಪುಡಿಯಾಗಿ ಉದುರಿತು, ಎರಡನೇ ಪ್ಲೇಟಿನಲ್ಲಿ ನಡುಬೋಲ್ಟಿನ ತೂತಿನಿಂದ ಕೂದಲೆಳೆಯಷ್ಟು ಬಿರುಕು ಹೊರಟಿತ್ತು. ಕೆಲಸದವನು ಸೀಮೆಸುಣ್ಣದಿಂದ ಸಿಮೆಂಟಿನ ಮೇಲೆ ಹಳೆಯ ಬಾಗು ಗೀಚಿಕೊಂಡ, ಅದರ ಮೇಲೆ ಬೇಕಾದ ಬಾಗು ಗೀಚಿದ, ಪ್ಲೇಟನ್ನು ತಣ್ಣಗೇ ಅಡಿಗಲ್ಲಿನ ಮೇಲಿಟ್ಟು ಗೇಣುಗೇಣಿಗೆ ಸುತ್ತಿಗೆಯಿಂದ ಬಡಿಯುತ್ತಾ ಬಂದ. ಎರಡು ಏಟಿಗೊಮ್ಮೆ ಗೆರೆಯ ಮೇಲಿಟ್ಟು ನೋಡುತ್ತಿದ್ದ. ಬೆಂಕಿಗೆ ಹಾಕಿದರೆ ಬೇಗ ಆಗುವುದಿಲ್ಲವೇ ಎಂದೆ. "ಆಗುತ್ತೆ ಸಾರ್. ಹದ ಸರಿಯಾಗಿ ಕೊಡ್ದಿದ್ರೆ ಮುಂದಿನ ಮಳೆಗಾಲಕ್ಕೆ ಮತ್ತೆ ಮಲಗುತ್ತೆ" ಎಂದ. ಬಿರುಕು ಬಿಟ್ಟ ಪ್ಲೇಟು ಗುಜರಿಗೆ ಹೋಯಿತು. ಯು-ಬೋಲ್ಟ್ ಹಳೆಯವನ್ನೇ ಹಾಕಲು ಅವನು ಒಪ್ಪಲಿಲ್ಲ, ಒಮ್ಮೆ ಬಿಗಿದದ್ದು ಎಳೆದುಕೊಂಡಿರುತ್ತದೆ. ಸ್ವಲ್ಪ ದಿನ ಓಡಿಸಿ ನಟ್ಟು ಮತ್ತೆ ಬಿಗಿಸಿಕೊಳ್ಳಲು ಹೇಳಿದ.

ಪ್ಲೇಟು, ಬುಶ್ಶು, ಪಿನ್ನು, ನಾಲ್ಕು ಶಾಕು, ಕೂಲಿ ಸೇರಿ 32 ಸಾವಿರದ ಆಚೀಚೆ. ಗಾಡಿ ಒಂದೂವರೆ ಇಂಚು ಮೇಲೆದ್ದಿತು. ಹೊಸ ಎತ್ತರವೇನಲ್ಲ, ವರ್ಷಗಟ್ಟಲೆ ಭಾರ ಹೊತ್ತು ಕಳೆದುಕೊಂಡಿದ್ದು. ಲಿಫ್ಟ್ ಬೇಕೆನ್ನುವ ಅರ್ಧಕ್ಕರ್ಧ ಹಳೆಯ ಜೀಪುಗಳಿಗೆ ಬೇಕಾಗಿರುವುದು ಇದೇ ಎಂದು ನನ್ನ ಅನುಮಾನ.

ಕಾನೂನಿನ ಲೆಕ್ಕವೂ ದುಡ್ಡಿನ ಲೆಕ್ಕವೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಐದು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದು ಸೇರಿಸಿತು. ಹದಿನೈದು ವರ್ಷ ದಾಟಿದ ಗಾಡಿ ನೋಂದಣಿ ನವೀಕರಿಸಿಕೊಂಡು ಬದುಕಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ವರ್ಗಕ್ಕೆ ಈ ಶುಲ್ಕ 600ರಿಂದ 5,000ಕ್ಕೆ ಏರಿತು. ಎಫ್‌ಸಿಗೆ ನಿಂತಾಗ ವೆಲ್ಡಿಂಗ್ ಗುರುತು ತುಂಬಿದ ಆಕ್ಸಲ್ ಕಂಡರೆ ಇನ್‌ಸ್ಪೆಕ್ಟರಿಗೆ ಉತ್ತರ ಹೇಳಬೇಕಾದವರು ನಾವು, ಎತ್ತರಿಸಿಕೊಟ್ಟವನಲ್ಲ.

ವಿಮೆಯಲ್ಲಿ ಐದು ವರ್ಷ ದಾಟಿದ ಗಾಡಿಯ ಬೆಲೆ, ಅಂದರೆ ಐಡಿವಿ, ನಾವೂ ಕಂಪನಿಯೂ ಕೂತು ಒಪ್ಪಿಕೊಂಡದ್ದು. ಒಪ್ಪಿಕೊಂಡ ಆ ಮೊತ್ತದಲ್ಲಿ, ಹೇಳದೆ ಹಾಕಿಸಿದ ಒಂದು ಲಕ್ಷದ ಸಾಮಾನು ಸೇರಿರುವುದಿಲ್ಲ. ಟೈರಿಗಂತೂ ಕ್ಲೇಮಿನಲ್ಲಿ ಅರ್ಧ ಕಡಿತ. ಬಹುಪಾಲು ಹಳೆಯ ಜೀಪುಗಳಿಗೆ ಇರುವುದು ಥರ್ಡ್ ಪಾರ್ಟಿ ಮಾತ್ರ, ಅಲ್ಲಿ ನಮ್ಮ ಗಾಡಿಗೆ ಬಿಡಿಗಾಸೂ ಇಲ್ಲ. ಮಾರುವಾಗಲೂ ಅಷ್ಟೇ. ಮೂಲ ಸ್ಥಿತಿಯ, ದಾಖಲೆ ಸರಿಯಿರುವ ಜೀಪಿಗೆ ಗಿರಾಕಿ ಬೆಲೆ ಕೊಡುತ್ತಾನೆ. ಎತ್ತರಿಸಿದ್ದನ್ನು ನೋಡಿ ಮೆಚ್ಚುತ್ತಾನೆ, ಆಮೇಲೆ "ಮತ್ತೆ ಸರಿ ಮಾಡಿಸೋಕೆ ಎಷ್ಟಾಗುತ್ತೆ?" ಎಂದು ಅದನ್ನೇ ಚೌಕಾಸಿಗೆ ಹಿಡಿಯುತ್ತಾನೆ. ಆಸೆ ತಡೆಯಲಾಗದವರು ಇನ್ನೊಬ್ಬರು ದುಡ್ಡು ಸುರಿದ ಗಾಡಿಯನ್ನು ಕೊಳ್ಳುವುದು ಅಗ್ಗ, ಆರ್‌ಸಿ ಎಫ್‌ಸಿ ಎರಡನ್ನೂ ಕಣ್ಣಲ್ಲಿ ಕಂಡ ಮೇಲೆ.

ಜೀಪಿಗೆ ಹಾಕದೆ ಉಳಿದ ದುಡ್ಡಿನಲ್ಲಿ 40 ಸಾವಿರ ರಸ್ತೆಗೆ ಹೋಯಿತು. ನಮ್ಮ ಜೀಪಿನ ಹೌಸಿಂಗ್ ತಾಗುತ್ತಿದ್ದುದು ತೋಟದಲ್ಲಿ ಒಂದೇ ಕಡೆ, ಹಳ್ಳದ ಪಕ್ಕ ನೀರು ಕೊರೆದ ಏರಿನಲ್ಲಿ. ಜೆಸಿಬಿ ಕರೆಸಿ ಚರಂಡಿ ತಿರುಗಿಸಿದೆವು, ಎರಡು ಹ್ಯೂಮ್ ಪೈಪು ಹೂತೆವು, ದಪ್ಪ ಕಲ್ಲು ತುಂಬಿ ಮೇಲೆ ಜಲ್ಲಿ ಹಾಕಿಸಿದೆವು. ಈಗ ಗೊಬ್ಬರದ ಟೆಂಪೊ ಕಣದವರೆಗೆ ಬರುತ್ತದೆ. ಮೊದಲು ಗೇಟಿನ ಹತ್ತಿರ ಇಳಿಸಿ ಅಲ್ಲಿಂದ ಜೀಪಿನಲ್ಲಿ ಹೊರಬೇಕಿತ್ತು, ಅದರ ಕೂಲಿಯೂ ಉಳಿಯಿತು. ಟೈರು ಸವೆಯುವಂತೆ ಕಲ್ಲು ತುಂಬಿದ ರಸ್ತೆಯೂ ಕರಗುತ್ತದೆ, ಜೂನಿಗೆ ಮೊದಲು ಚರಂಡಿ ಬಿಡಿಸದಿದ್ದರೆ ಒಂದೇ ಮಳೆಗಾಲ ಸಾಕು. ಅದಕ್ಕೂ ವರ್ಷಕ್ಕಿಷ್ಟು ಎಂದು ತೆಗೆದಿಡುತ್ತೇನೆ.

ಅಕ್ಕನ ಮಗನಿಗೆ ಇದೆಲ್ಲ ಸಪ್ಪೆ. "ಮಾವ, ನೀವು ಜೀಪಿಗೆ ರಸ್ತೆ ಮಾಡಿಸಿದ್ರಿ, ಇನ್ನು ಜೀಪು ಯಾಕೆ ಬೇಕು?" ಎಂದ. ಪ್ರಶ್ನೆ ಸರಿಯಾಗಿದೆ, ನನಗೂ ಉತ್ತರ ಗೊತ್ತಿಲ್ಲ. ಜೀಪು ಮಾರುವ ಯೋಚನೆಯಂತೂ ಇಲ್ಲ. ಅವನ ಹವ್ಯಾಸದ ದುಡ್ಡನ್ನು ತೋಟದ ಖರ್ಚಿನಲ್ಲಿ ಬರೆಯುವುದು ಬೇಡ ಎಂದು ಮಾತ್ರ ಹೇಳಿದ್ದೇನೆ. ಸಂಬಳದಿಂದ ತಿಂಗಳಿಗೆ ನಾಲ್ಕು ಸಾವಿರ ಬೇರೆ ಖಾತೆಗೆ ಹಾಕುತ್ತಿದ್ದಾನೆ. ಮೊದಲ ಕಂತಿನಲ್ಲಿ ಬ್ರೇಕ್ ಸಿಲಿಂಡರ್ ಕಿಟ್ಟು ಬಂತು. ಈ ತಿಂಗಳದ್ದು ಟೈ ರಾಡ್ ಎಂಡಿಗೆ ಹೋಗಲಿದೆ, ಅವನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬೆಲೆ ವಿಚಾರಿಸುತ್ತಿದ್ದಾನೆ. ಲಾಕರಿನ ಹೆಸರು ಪಟ್ಟಿಯ ಕೊನೆಯಲ್ಲಿ ಹಾಗೇ ಇದೆ.