ಗ್ರೀನ್‌ವೇ: ಶಿಕ್ಷೆಗೊಳಗಾದ ಶಿಲ್ಪಿ

ಒಂದು ಕಾಲದಲ್ಲಿ ಇಂಗ್ಲೆಂಡಿನ ಕಾನೂನು ಬಹು ಕಠೋರವಾಗಿತ್ತು. ಕೊಲೆಗಡುಕನಿಗೆ ಮಾತ್ರವಲ್ಲ, ಖೋಟಾ ಪತ್ರ ಸೃಷ್ಟಿಸಿದವನಿಗೂ ಗಲ್ಲೇ ಗತಿ. ದಯೆಯಿಂದ ಪ್ರಾಣ ಉಳಿದವರನ್ನು ಸಮುದ್ರದಾಚೆಗೆ ಗಡೀಪಾರು ಮಾಡುತ್ತಿದ್ದರು. ಅಮೆರಿಕದ ವಸಾಹತುಗಳು ಕೈತಪ್ಪಿದ ಮೇಲೆ ಆಸ್ಟ್ರೇಲಿಯವೇ ಅವರ ಸೆರೆಮನೆಯಾಯಿತು. 1788ರಿಂದ 1868ರವರೆಗೆ ಸುಮಾರು 1,60,000 ಮಂದಿ ಹೀಗೆ ಸಾಗಿಸಲ್ಪಟ್ಟರು. ಅಂಡಮಾನಿನ ಕರಿನೀರಿನ ಶಿಕ್ಷೆಯ ಕಥೆ ಕೇಳಿದವರಿಗೆ ಅವರ ಸಂಕಟವನ್ನು ಬಣ್ಣಿಸಿ ಹೇಳಬೇಕಾಗಿಲ್ಲ.

ಅವರಲ್ಲೊಬ್ಬನು ಫ್ರಾನ್ಸಿಸ್ ಗ್ರೀನ್‌ವೇ. 1777ರಲ್ಲಿ ಬ್ರಿಸ್ಟಲ್ ನಗರದ ಸಮೀಪ ಜನಿಸಿದ ಈತನು ವಾಸ್ತುಶಿಲ್ಪವನ್ನು ಕಲಿತು ಹೆಸರು ಗಳಿಸತೊಡಗಿದ್ದನು. ಆದರೆ 1809ರಲ್ಲಿ ದಿವಾಳಿಯಾದನು. ಕಟ್ಟಡವೊಂದರ ಕರಾರಿಗೆ ಸಂಬಂಧಿಸಿದ ಪತ್ರವನ್ನು ಖೋಟಾ ಮಾಡಿದ ಆರೋಪ ಅವನ ಮೇಲೆ ಬಂದಿತು. 1812ರಲ್ಲಿ ತಪ್ಪೊಪ್ಪಿಕೊಂಡ ಅವನಿಗೆ ನ್ಯಾಯಾಲಯವು ಮರಣದಂಡನೆ ವಿಧಿಸಿತು; ಅನಂತರ ಅದನ್ನು 14 ವರ್ಷಗಳ ಗಡೀಪಾರಿಗೆ ಇಳಿಸಲಾಯಿತು. 1814ರಲ್ಲಿ ಅವನು ಸಿಡ್ನಿಯನ್ನು ಸೇರಿದನು. ಹೆಂಡತಿ ಮಕ್ಕಳೂ ಅದೇ ವರ್ಷ ಬೇರೊಂದು ಹಡಗಿನಲ್ಲಿ ಬಂದರು.

ಆಗ ಅಲ್ಲಿ ಗವರ್ನರನಾಗಿದ್ದವನು ಲಾಕ್ಲನ್ ಮ್ಯಾಕ್ವಾರಿ. ಪುಸ್ತಕದಲ್ಲಿದ್ದ ನಕ್ಷೆಯೊಂದನ್ನು ನಕಲು ಮಾಡಿಕೊಡೆಂದು ಅವನು ಗ್ರೀನ್‌ವೇಗೆ ಸೂಚಿಸಿದನು. ಕೈದಿಯಾದರೂ ಗ್ರೀನ್‌ವೇ ತನ್ನ ವಿದ್ಯೆಯ ಅಭಿಮಾನವನ್ನು ಬಿಟ್ಟವನಲ್ಲ. ನಕಲು ಮಾಡುವುದು ತನ್ನ ಯೋಗ್ಯತೆಗೆ ತಕ್ಕುದಲ್ಲವೆಂಬ ಧಾಟಿಯಲ್ಲಿ ಉತ್ತರ ಬರೆದನು! ಮ್ಯಾಕ್ವಾರಿ ಗದರಿಸಿದನೇನೋ ನಿಜ, ಆದರೆ ಅವನನ್ನು ಕೈಬಿಡಲಿಲ್ಲ. 1816ರಲ್ಲಿ ದಿನಕ್ಕೆ ಮೂರು ಷಿಲಿಂಗ್ ಸಂಬಳದ ಮೇಲೆ ಸರ್ಕಾರಿ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡನು.

ಸಿಡ್ನಿ ಬಂದರಿನ ಬಾಯಲ್ಲಿ ದೀಪಸ್ತಂಭವೊಂದನ್ನು ಗ್ರೀನ್‌ವೇ ಕಟ್ಟಿಸಿದನು. ಅದಕ್ಕೆ ಒದಗಿಸಿದ ಮರಳುಗಲ್ಲು ಮೆತುವಾದುದೆಂದು ಅವನು ಮೊದಲೇ ಎಚ್ಚರಿಸಿದ್ದನು. ಅಂತೆಯೇ ಅದು ಸವೆದು, 1883ರಲ್ಲಿ ಬೇರೆ ಸ್ತಂಭ ಕಟ್ಟಬೇಕಾಯಿತು. ವಿಂಡ್ಸರಿನಲ್ಲಿ ಅವನು ರಚಿಸಿದ ಇಟ್ಟಿಗೆಯ ಚರ್ಚು ಇಂದಿಗೂ ನಿಂತಿದೆ.

ಆದರೆ ಅವನ ಬಾಳಿನ ಅತಿ ವಿಚಿತ್ರವಾದ ಕಟ್ಟಡ ಹೈಡ್ ಪಾರ್ಕ್ ಬ್ಯಾರಕ್ಸ್. ಅದುವರೆಗೆ ಸಿಡ್ನಿಯ ಕೈದಿಗಳಲ್ಲಿ ಅನೇಕರು ಹಗಲು ಸರ್ಕಾರದ ಕೆಲಸ ಮಾಡಿ, ರಾತ್ರಿ ಊರಿನಲ್ಲಿ ತಾವೇ ಹುಡುಕಿಕೊಂಡ ಬಿಡಾರಗಳಲ್ಲಿ ತಂಗುತ್ತಿದ್ದರು. ಅವರನ್ನು ಒಂದೇ ಆವರಣದಲ್ಲಿ ಕೂಡಿಹಾಕಲು ಮೂರಂತಸ್ತಿನ ಈ ಕಟ್ಟಡವನ್ನು ಯೋಜಿಸಲಾಯಿತು. ಯೋಜಿಸಿದವನು ಕೈದಿ, ಇಟ್ಟಿಗೆ ಹೊತ್ತವರು ಕೈದಿಗಳು, ಸೇರಬೇಕಾದವರೂ ಕೈದಿಗಳೇ. 1819ರಲ್ಲಿ ಅದು ಪೂರ್ಣಗೊಂಡಾಗ ಸಂತುಷ್ಟನಾದ ಮ್ಯಾಕ್ವಾರಿ ಗ್ರೀನ್‌ವೇಗೆ ಪೂರ್ಣ ಕ್ಷಮಾದಾನ ನೀಡಿದನು. ಜೊತೆಯವರಿಗೆ ಇದ್ದ ಅಲ್ಪ ಸ್ವಾತಂತ್ರ್ಯವನ್ನು ಕಳೆದ ಕಟ್ಟಡವೇ ಅವನಿಗೆ ಬಿಡುಗಡೆ ತಂದಿತು. ಆ ದಿನ ಅವನ ಮನಸ್ಸಿನಲ್ಲಿ ಏನಿತ್ತೋ!

ಸುಖ ಬಹುಕಾಲ ನಿಲ್ಲಲಿಲ್ಲ. ಕೈದಿಗಳ ನಾಡಿಗೆ ಇಷ್ಟು ವೈಭವ ಏಕೆಂದು ಲಂಡನ್ನಿನ ಅಧಿಕಾರಿಗಳು ಆಕ್ಷೇಪಿಸಿದರು. 1822ರಲ್ಲಿ ಮ್ಯಾಕ್ವಾರಿ ಸ್ವದೇಶಕ್ಕೆ ಮರಳಿದನು. ಅದೇ ವರ್ಷ ಗ್ರೀನ್‌ವೇ ಕೆಲಸ ಕಳೆದುಕೊಂಡನು. ಸಂಧಾನದ ಮಾತು ಅವನ ನಾಲಗೆಗೆ ಎಂದೂ ಒಗ್ಗಿದುದಲ್ಲ. 1837ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಅವನ ಸಮಾಧಿಗೆ ಒಂದು ಗುರುತುಗಲ್ಲೂ ಇರಲಿಲ್ಲ.

1966ರಲ್ಲಿ ಆಸ್ಟ್ರೇಲಿಯ ಹೊರಡಿಸಿದ ಹತ್ತು ಡಾಲರಿನ ನೋಟಿನ ಮೇಲೆ ಗ್ರೀನ್‌ವೇಯ ಚಿತ್ರವಿತ್ತು. ಖೋಟಾ ಪತ್ರಕ್ಕಾಗಿ ಗಲ್ಲಿನವರೆಗೆ ಹೋದವನ ಮುಖ ಸರ್ಕಾರದ ಹಣದ ಮೇಲೆ! 2010ರಲ್ಲಿ ಹೈಡ್ ಪಾರ್ಕ್ ಬ್ಯಾರಕ್ಸ್ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈಗ ವಸ್ತುಸಂಗ್ರಹಾಲಯವಾಗಿರುವ ಅಲ್ಲಿ, ಕೈದಿಗಳು ಒಬ್ಬರ ಪಕ್ಕದಲ್ಲೊಬ್ಬರು ಮಲಗುತ್ತಿದ್ದ ಬಟ್ಟೆಯ ತೂಗುಹಾಸಿಗೆಗಳ ಸಾಲನ್ನು ಮಾದರಿಗಾಗಿ ಕಟ್ಟಿ ತೋರಿಸಿದ್ದಾರೆ.