ರಾತ್ರಿ ಎದ್ದಿರುವವರೇ, ನಿಮ್ಮ ನಿದ್ದೆಯ ಲೆಕ್ಕ ಇಡಿ



ರಾತ್ರಿಯಿಡೀ ರೋಗಿಯ ಮಂಚದ ಪಕ್ಕ ಕುಳಿತಿದ್ದು, ಬೆಳಿಗ್ಗೆ ಮುಖ ತೊಳೆದು ಸ್ಕೂಟರ್ ಹತ್ತಿ ಕೆಲಸಕ್ಕೆ ಹೊರಡುವವರನ್ನು ವಾರ್ಡಿನಲ್ಲಿ ನಾವು ದಿನವೂ ನೋಡುತ್ತೇವೆ. "ಸ್ವಲ್ಪ ಮಲಗಿ ಹೋಗಿ" ಎಂದರೆ, "ಪರವಾಗಿಲ್ಲ ಸಿಸ್ಟರ್, ಅಭ್ಯಾಸ ಆಗಿದೆ" ಎನ್ನುತ್ತಾರೆ. ನಿದ್ದೆಗೆಡುವುದು ನಿಜವಾಗಿ ಅಭ್ಯಾಸ ಆಗುತ್ತದೆಯೇ? ಇಂದಿನ ಪಾಠ ಇದು.

ರಾತ್ರಿ ಪಾಳಿ ನಮ್ಮ ಬಿನ್ನಿಪೇಟೆಗೆ ಹೊಸದಲ್ಲ. 1884ರಲ್ಲಿ ಸ್ಥಾಪನೆಯಾಗಿ, ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಬಟ್ಟೆ ಗಿರಣಿಯಿಂದಲೇ ಈ ಪೇಟೆಗೆ ಹೆಸರು ಬಂದಿದೆ. ಗಿರಣಿ ಮುಚ್ಚಿತು, ರಾತ್ರಿ ಕೆಲಸ ನಿಲ್ಲಲಿಲ್ಲ. ಸೆಕ್ಯುರಿಟಿಯವರು, ಆಟೋ ಚಾಲಕರು, ನಸುಕಿಗೇ ಮಾರ್ಕೆಟ್ಟಿಗೆ ಹೋಗುವ ವ್ಯಾಪಾರಿಗಳು, ನಾವು ದಾದಿಯರು, ಎಲ್ಲರೂ ನಿದ್ದೆಗೆಟ್ಟು ದುಡಿಯುವವರೇ.

ಸಂಶೋಧನೆ ಏನು ಹೇಳುತ್ತದೆ?

ಆಸ್ಟ್ರೇಲಿಯಾದ ಮನೋವಿಜ್ಞಾನಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಅವರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಜನ ಭಾಗವಹಿಸಿದ್ದರು. ಅವರನ್ನು ಒಂದು ಸಲ 28 ಗಂಟೆ ಎಚ್ಚರವಾಗಿ ಇರಿಸಿದರು. ಇನ್ನೊಂದು ಸಲ ಅಳತೆ ಮಾಡಿ ಮದ್ಯ ಕೊಟ್ಟರು. ಎರಡು ಸಲವೂ ಕಣ್ಣು ಮತ್ತು ಕೈಗಳ ಹೊಂದಾಣಿಕೆಯನ್ನು ಪರೀಕ್ಷಿಸಿದರು.

17 ಗಂಟೆ ಎಚ್ಚರವಿದ್ದವರ ಕೈ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯ ಇದ್ದಾಗ ತಪ್ಪುವಷ್ಟೇ ತಪ್ಪಿತು. 24 ಗಂಟೆಯಾದಾಗ ಅದು ಸುಮಾರು 100 ಮಿ.ಗ್ರಾಂಗೆ ಸಮವಾಯಿತು. ನಮ್ಮ ದೇಶದಲ್ಲಿ 30 ಮಿ.ಗ್ರಾಂ ಮೀರಿದರೆ ವಾಹನ ಓಡಿಸುವುದು ಅಪರಾಧ. ಬೆಳಿಗ್ಗೆ 6ಕ್ಕೆ ಎದ್ದವರಿಗೆ ರಾತ್ರಿ 11ಕ್ಕೆ 17 ಗಂಟೆ ತುಂಬುತ್ತದೆ!

ಅಮೆರಿಕದ ಹ್ಯಾನ್ಸ್ ವಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತು ಸಂಗಡಿಗರು 2003ರಲ್ಲಿ ಇನ್ನೊಂದು ಸಂಗತಿ ತಿಳಿಸಿದರು. ಎರಡು ವಾರ ದಿನಕ್ಕೆ 6 ಗಂಟೆ ಮಾತ್ರ ಮಲಗಿದವರ ಗಮನಶಕ್ತಿ, ಒಂದಿಡೀ ರಾತ್ರಿ ನಿದ್ದೆ ಮಾಡದವರ ಮಟ್ಟಕ್ಕೆ ಇಳಿದಿತ್ತು. ಆದರೆ ಅವರಿಗೆ ಅಷ್ಟೇನೂ ತೂಕಡಿಕೆ ಅನ್ನಿಸಿರಲಿಲ್ಲ. ಕುಡಿದವನು "ನಾನು ಸರಿಯಾಗೇ ಇದ್ದೇನೆ" ಎನ್ನುವ ಹಾಗೆಯೇ ಇದು. ಅಭ್ಯಾಸವಾಗುವುದು ನಮ್ಮ ಅನಿಸಿಕೆಗೆ, ಮೆದುಳಿಗಲ್ಲ.

ನನ್ನ ತರಬೇತಿಯ ದಿನಗಳಲ್ಲಿ, ಸತತ ಐದನೆಯ ರಾತ್ರಿ ಡ್ಯೂಟಿಯಲ್ಲಿ ಒಬ್ಬರ ಜ್ವರದ ಲೆಕ್ಕವನ್ನು ಪಕ್ಕದವರ ಚಾರ್ಟಿನಲ್ಲಿ ಬರೆದಿದ್ದೆ. ಹಿರಿಯ ಸಿಸ್ಟರ್ ಒಬ್ಬರು ಅದನ್ನು ಹಿಡಿದರು. ನನಗೆ ಆಗ ನಿದ್ದೆ ಬಂದಿದೆ ಎಂದು ಅನ್ನಿಸಿಯೇ ಇರಲಿಲ್ಲ.

ನೀವು ಏನು ಮಾಡಬಹುದು?

1. ಮನೆಯವರು ಪಾಳಿ ಹಾಕಿಕೊಳ್ಳಿ. ಒಬ್ಬರೇ ಎರಡು ರಾತ್ರಿ ಸತತವಾಗಿ ಕೂರಬೇಡಿ. ಬೇರೆ ಯಾರೂ ಇಲ್ಲದಿದ್ದರೆ ಸಂಕೋಚಪಡದೆ ವಾರ್ಡಿನ ಸಿಸ್ಟರಿಗೆ ತಿಳಿಸಿ.

2. ರಾತ್ರಿ ಎದ್ದಿದ್ದರೆ ಬೆಳಿಗ್ಗೆ ಗಾಡಿ ಓಡಿಸಬೇಡಿ. ಬಸ್ಸಿನಲ್ಲೋ ಮೆಟ್ರೋದಲ್ಲೋ ಹೋಗಿ. ಕಾಫಿಯ ಗುಣ ಸ್ವಲ್ಪ ಹೊತ್ತು ಮಾತ್ರ, ಅದು ನಿದ್ದೆಗೆ ಬದಲಲ್ಲ.

3. ರೋಗಿಗೆ ಮಾತ್ರೆ ಕೊಡುವ ಹೊತ್ತನ್ನು ಚೀಟಿಯಲ್ಲಿ ಬರೆದಿಡಿ. ಕೊಟ್ಟ ಕೂಡಲೇ ಗುರುತು ಹಾಕಿ. ನೆನಪನ್ನು ನಂಬಬೇಡಿ.

4. ರಾತ್ರಿ ಪಾಳಿಯವರು ಹಗಲಲ್ಲಿ ಕೋಣೆ ಕತ್ತಲೆ ಮಾಡಿ, ಫೋನು ಆರಿಸಿ ಮಲಗಿ. ಮನೆಯವರು ಅದನ್ನು ಸೋಮಾರಿತನ ಎನ್ನಬೇಡಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು.

5. ರೋಗಿಗೆ ಬರೆದ ನಿದ್ದೆ ಮಾತ್ರೆಯನ್ನು ನೀವು ನುಂಗಬೇಡಿ.

6. ಸಾಕಷ್ಟು ಮಲಗಿದರೂ ಹಗಲು ತೂಕಡಿಕೆ, ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದು ಇದ್ದರೆ ವೈದ್ಯರಿಗೆ ತೋರಿಸಿ. ಇದಕ್ಕೆ ಚಿಕಿತ್ಸೆ ಇದೆ.

ನಿಮ್ಮ ರೋಗಿ ಗುಣವಾಗಿ ಮನೆಗೆ ಬಂದಾಗ ಆರೈಕೆಗೆ ನೀವು ಬೇಕು. ಆದ್ದರಿಂದ ಇಂದು ಮನೆಗೆ ಹೊರಡುವ ಮೊದಲು ಒಂದು ಲೆಕ್ಕ ಹಾಕಿ: ನಾನು ಎದ್ದು ಎಷ್ಟು ಗಂಟೆಯಾಯಿತು? ಉತ್ತರ 17 ಗಂಟೆ ದಾಟಿದ್ದರೆ ಗಾಡಿಯ ಕೀಲಿಯನ್ನು ಬೇರೆಯವರ ಕೈಗೆ ಕೊಡಿ.