ಆಚಾರಿ ಮೊದಲು ಮೆಟ್ಟಿಲ ಅಡಿಗೆ ಬಗ್ಗಲಿ

ಪ್ರಶ್ನೆ: ನಮ್ಮದು ತಾತನ ಕಾಲದ ಮಾಳಿಗೆ ಮನೆ. ಮೇಲಿನ ಕೋಣೆಗೆ ಹತ್ತಲು ಮರದ ಮೆಟ್ಟಿಲಿದೆ, ಅಲ್ಲೇ ರೇಷ್ಮೆ ಹುಳು ಸಾಕುತ್ತೇವೆ. ಮೂರನೇ ಮತ್ತು ನಾಲ್ಕನೇ ಮೆಟ್ಟಿಲು ಕಾಲಿಟ್ಟರೆ ಅಲ್ಲಾಡುತ್ತವೆ. ಪಕ್ಕದ ತೊಲೆಯ ಬುಡದಲ್ಲಿ ಮಣ್ಣಿನ ಗೆರೆ ಕಾಣಿಸಿಕೊಂಡಿದೆ. ಒಬ್ಬ ಆಚಾರಿ ಎಲ್ಲ ಕಿತ್ತು ಕಬ್ಬಿಣದ್ದು ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ನಾಲ್ಕು ಮೊಳೆ ಹೊಡೆದು ಪಾಲಿಶ್ ಮಾಡಿದರೆ ಹೊಸದಾಗುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಕೆಂಚಾರ್ಲಹಳ್ಳಿ, ಚಿಂತಾಮಣಿ ತಾಲ್ಲೂಕು

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ಇಬ್ಬರೂ ಮೆಟ್ಟಿಲನ್ನು ಎದುರಿನಿಂದ ನೋಡಿ ಮಾತಾಡಿದ್ದಾರೆ ಅನ್ನಿಸುತ್ತದೆ. ರೋಗವಿರುವುದು ಅಡಿಯಲ್ಲಿ. ಟಾರ್ಚ್ ಹಿಡಿದು ಮೆಟ್ಟಿಲ ಕೆಳಗೆ ನುಗ್ಗುವವರನ್ನು ಕರೆಯಿರಿ. ಅಂಥವರು ನೋಡಿದ್ದಕ್ಕೆ ಅರ್ಧ ದಿನದ ಕೂಲಿ ಕೇಳಿದರೂ ಕೊಡಿ.

ಅವರು ಬರುವ ಮೊದಲು ನೀವೇ ಒಂದು ಪರೀಕ್ಷೆ ಮಾಡಬಹುದು. ಮಣ್ಣಿನ ಗೆರೆಯನ್ನು ಒಂದು ಅಂಗುಲದಷ್ಟು ಕೆರೆದು ಬಿಡಿ. ನಾಲ್ಕೈದು ದಿನದಲ್ಲಿ ಅದು ಮತ್ತೆ ಕೂಡಿಕೊಂಡಿದ್ದರೆ ಗೆದ್ದಲು ಜೀವಂತವಾಗಿದೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತೊಲೆಯನ್ನು ಬುಡದಿಂದ ಮೇಲಕ್ಕೆ ಕುಟ್ಟುತ್ತಾ ಹೋಗಿ. ಗಟ್ಟಿ ಮರದ ಸದ್ದು ಬೇರೆ, ಟೊಳ್ಳಿನ ಸದ್ದು ಬೇರೆ. ಟೊಳ್ಳೆನಿಸಿದ ಕಡೆ ಮೊನೆ ಒತ್ತಿ, ಸಲೀಸಾಗಿ ಒಳಗೆ ಇಳಿದರೆ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ಹಳೇ ಮನೆಗಳಲ್ಲಿ ನಾನು ಕಂಡಂತೆ ಕೆಟ್ಟಿರುವುದು ಹೆಚ್ಚಾಗಿ ಬುಡದ ಒಂದೆರಡು ಅಡಿ ಮಾತ್ರ. ಮೇಲಿನದೆಲ್ಲ ಚೇಗು, ಇನ್ನೊಂದು ತಲೆಮಾರು ಬಾಳುತ್ತದೆ.

ನಿಮ್ಮಲ್ಲೂ ಹಾಗೇ ಇದ್ದರೆ ಕೆಟ್ಟ ಬುಡವನ್ನು ಓರೆಯಾಗಿ ಕತ್ತರಿಸಿ, ಒಣಗಿದ ಹೊಸ ತುಂಡನ್ನು ಜೋಡಿಸಿದರೆ ಸಾಕು. ಓರೆಯ ಉದ್ದ ತೊಲೆಯ ಅಗಲದ ಮೂರು ಪಟ್ಟಾದರೂ ಇರಲಿ. ಗಿಡ್ಡ ಜೋಡಣೆ ಮಾಡಿ ಮೇಲೆ ಪಟ್ಟಿ ಬಡಿಯುವವರಿಗೆ ಒಪ್ಪಬೇಡಿ. ಹೊಸ ಬುಡ ಮಣ್ಣಿಗೆ ತಾಗಕೂಡದು. ನಮ್ಮ ಕಡೆ ಕಲ್ಲಿಗೇನು ಬರವೇ, ಒಂದು ಚಪ್ಪಡಿ ಹಾಕಿ ಅದರ ಮೇಲೆ ಕೂರಿಸಿ. ಬೆಂಗಳೂರು ಕೋಟೆಯ ಬಳಿ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆಗೆ ಹೋದಾಗ ಎಲ್ಲರೂ ಕಮಾನು ನೋಡುತ್ತಾರೆ, ನೀವು ತೇಗದ ಕಂಬಗಳ ಕಾಲ ಬಳಿ ನೋಡಿ. ಕಲ್ಲಿನ ಪೀಠದ ಮೇಲೆ ನಿಂತಿವೆ.

ಅಲ್ಲಾಡುವ ಮೆಟ್ಟಿಲುಗಳ ಕಥೆ ಬೇರೆ ಇರಬಹುದು. ಹುಳುಮನೆಗೆ ಪ್ರತಿ ಬೆಳೆಗೂ ಬ್ಲೀಚಿಂಗ್ ಪುಡಿಯ ನೀರು ಹೊಡೆಯುತ್ತೀರಲ್ಲ, ಅದರ ಕ್ಲೋರಿನ್ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಮೆಟ್ಟಿಲ ಮೇಲೂ ಅದು ಸುರಿದಿರುತ್ತದೆ. ತುಕ್ಕು ಹಿಡಿದ ಮೊಳೆಯ ಸುತ್ತ ಮರ ಕಪ್ಪಗಾಗಿ ತೂತು ಸಡಿಲವಾಗುತ್ತದೆ. ಅಲ್ಲಿಗೇ ಹೊಸ ಮೊಳೆ ಹೊಡೆದರೆ ಆರು ತಿಂಗಳು ನಿಲ್ಲುವುದಿಲ್ಲ. ಹಲಗೆಯನ್ನು ಕಚ್ಚಿನಿಂದ ಬಿಡಿಸಿ, ಬೆಣೆ ಬದಲಿಸಿ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಬೇಕು. ಕಬ್ಬಿಣದ ಮೆಟ್ಟಿಲು ಹಾಕಿಸಿ ಎಂದವರಿಗೂ ಇದನ್ನೇ ಹೇಳಿ: ಬ್ಲೀಚಿಂಗ್ ಬೀಳುವ ಜಾಗದಲ್ಲಿ ಕಬ್ಬಿಣವೇನು ಚಿರಂಜೀವಿಯಲ್ಲ.

ಎಲ್ಲಕ್ಕಿಂತ ಮುಖ್ಯ, ಗೆದ್ದಲಿನ ಔಷಧಿ. ಅದು ಕೀಟನಾಶಕ, ರೇಷ್ಮೆ ಹುಳುವೂ ಕೀಟವೇ. ಮೇಲೆ ಹುಳು ಇರುವಾಗ ಕೆಳಗೆ ಔಷಧಿ ಹೊಡೆದರೆ, ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ಗೂಡು ಕಟ್ಟುವ ಬದಲು ವಾಂತಿ ಮಾಡಿ ಸಾಯುತ್ತದೆ. ವಾರ್ನಿಷ್, ಥಿನ್ನರ್ ವಾಸನೆಯೂ ಅದಕ್ಕೆ ಆಗದು. ಗೂಡು ಬಿಡಿಸಿ ಮಾರಿದ ಮೇಲೆ ಕೆಲಸ ಶುರುಮಾಡಿಸಿ. ಔಷಧಿಯನ್ನು ಸಿಂಪಡಿಸದೆ, ಬುಡದ ಮಣ್ಣಿಗೆ ಮಾತ್ರ ಇಳಿಸಲಿ. ಮುಂದಿನ ಚಾಕಿ ಮರಿಹುಳು ತರುವ ಮೊದಲು ರೇಷ್ಮೆ ಇಲಾಖೆಯವರಿಗೆ ಔಷಧಿಯ ಹೆಸರು ಹೇಳಿ ಎಷ್ಟು ದಿನ ಬಿಡಬೇಕೆಂದು ಕೇಳಿಕೊಳ್ಳಿ. ಒಂದು ಬೆಳೆ ತಪ್ಪಿದರೂ ತಪ್ಪಲಿ.

ಪ್ರಶ್ನೆ: ಮಹಡಿ ಮೆಟ್ಟಿಲು ಪೂರ್ತಿ ಬದಲಿಸಲು 12 ಘನ ಅಡಿ ತೇಗ ಬೇಕೆಂದು ಬಡಗಿ ಹೇಳಿದ್ದಾರೆ. ಹತ್ತು ಮೆಟ್ಟಿಲು, ಒಂದೊಂದೂ 3 ಅಡಿ ಉದ್ದ, 10 ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪ. ಪಕ್ಕದ ತೊಲೆ ಎರಡು, 12 ಅಡಿ ಉದ್ದ, 10 ಅಂಗುಲ ಅಗಲ, 2 ಅಂಗುಲ ದಪ್ಪ. ಲೆಕ್ಕ ಸರಿಯೇ?
– ಶಿಡ್ಲಘಟ್ಟ

ಉತ್ತರ: ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಅಂಗುಲದಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಒಂದು ಮೆಟ್ಟಿಲಿಗೆ 3 × 10 × 1.5 = 45, ಭಾಗಿಸಿದರೆ 0.31. ಹತ್ತಕ್ಕೆ ಮೂರು ಚಿಲ್ಲರೆ. ತೊಲೆ ಒಂದಕ್ಕೆ 240, ಅಂದರೆ 1.67. ಎರಡಕ್ಕೆ 3.33. ಒಟ್ಟು ಆರೂವರೆ. ಕುಯ್ಯುವುದು, ಹತ್ತರಿ ಹೊಡೆಯುವುದು ಎಂದು ಐದನೇ ಒಂದು ಭಾಗ ಸೇರಿಸಿದರೂ ಎಂಟರೊಳಗೆ ಬರುತ್ತದೆ. ರೇಲಿಂಗ್ ಸೇರಿಸಿ 12 ಹೇಳಿದ್ದಾರೋ ಏನೋ, ಕೇಳಿ. ಸೇರಿಸಿಲ್ಲವೆಂದರೆ ಮಿಕ್ಕ ನಾಲ್ಕು ಘನ ಅಡಿ ಯಾರ ಮನೆಯ ಬಾಗಿಲಾಗುತ್ತದೋ ನಾನು ಹೇಳಲಾರೆ. ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮರವನ್ನು ಡಿಪೋದಲ್ಲಿ ನೀವೇ ನಿಂತು ಆರಿಸಿ. ಅಂಚಿನಲ್ಲಿ ಬಿಳಿ ಹೆಚ್ಚಿದ್ದರೆ ಬಿಡಿ, ತೇಗವೇ ಆದರೂ ಹುಳು ಮೊದಲು ಹಿಡಿಯುವುದು ಆ ಬಿಳಿ ಭಾಗವನ್ನು.

ಪ್ರಶ್ನೆ: ರೇಲಿಂಗ್‌ಗೆ ಅಪ್ಪನ ಕಾಲದಿಂದ ಹಸಿರು ಎನಾಮಲ್ ಬಳಿದೂ ಬಳಿದೂ ಪದರವಾಗಿದೆ. ಮರದ ಬಣ್ಣ ಕಾಣುವಂತೆ ಉಜ್ಜಿಸಿ ಪಾಲಿಶ್ ಮಾಡಿಸಬೇಕು. ಮನೆಯಲ್ಲಿ ಎರಡು ವರ್ಷದ ಮಗುವಿದೆ.
– ಗೌರಿಬಿದನೂರು

ಉತ್ತರ: ಮಗುವಿನ ವಿಷಯ ಬರೆದಿದ್ದು ಒಳ್ಳೆಯದಾಯಿತು. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅಪ್ಪನ ಕಾಲದ ಎನಾಮಲ್‌ನಲ್ಲಿ ಎಷ್ಟಿತ್ತೋ. ಮಿಷನ್ ಹಿಡಿದು ಒಣಗಿದ್ದಂತೆಯೇ ಉಜ್ಜಿದರೆ ಆ ದೂಳು ನೆಲದ ಮೇಲೆ ಕೂರುತ್ತದೆ, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಬಣ್ಣ ಕರಗಿಸುವ ರಿಮೂವರ್ ಹಚ್ಚಿ ಕೆರೆಯಲಿ, ಇಲ್ಲವೇ ನೀರು ಹಾಕಿ ಒದ್ದೆಯಾಗಿ ಉಜ್ಜಲಿ. ಕೆರೆದದ್ದನ್ನು ಚೀಲಕ್ಕೆ ಕಟ್ಟಿ, ಒಲೆಗಂತೂ ಹಾಕಬೇಡಿ. ಆ ವಾರ ಮಗು ಅಜ್ಜಿ ಮನೆಯಲ್ಲಿರಲಿ.

ಕೈಪಿಡಿಗೆ ಚಪಡ ಕರಗಿಸಿ ಮಾಡುವ ಅರಗಿನ ಪಾಲಿಶ್ ನನಗೆ ಇಷ್ಟ, ಹಳೇ ಮರಕ್ಕೆ ಅದರ ಹೊಳಪೇ ಚೆಂದ. ಮೆಟ್ಟಿಲಿಗೆ ಬೇಡ. ನೀರು ಬಿದ್ದ ಕಡೆ ಬೆಳ್ಳಗಾಗುತ್ತದೆ, ಅಲ್ಲಿಗೆ ಪಿಯು (ಪಾಲಿಯುರೆಥೇನ್) ಸರಿ. ಮಳೆಯ ತೇವದಲ್ಲಿ ಯಾವುದನ್ನೂ ಬಳಿಸಬೇಡಿ, ಸಂಕ್ರಾಂತಿ ಕಳೆಯಲಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವ ಹುಡುಗರಿದ್ದಾರೆ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತು ಅದು. ನೀರಲ್ಲಿ ಅದ್ದಿ ಹೊರಗೆ ಹರಡಿಸಿ.

ಪ್ರಶ್ನೆ: ರೇಲಿಂಗ್ ಕಡ್ಡಿಗಳ ನಡುವೆ ಎಷ್ಟು ಅಂತರ ಬಿಡಬೇಕು?
– ಚಿಂತಾಮಣಿ

ಉತ್ತರ: ನಾಲ್ಕು ಅಂಗುಲ ಮೀರದಿರಲಿ. ಅದಕ್ಕಿಂತ ಹೆಚ್ಚಾದರೆ ಮಕ್ಕಳ ತಲೆ ತೂರುತ್ತದೆ.

ಪ್ರಶ್ನೆ: ನಾವಿರುವುದು ಬೆಂಗಳೂರಿನಲ್ಲಿ, ಮನೆ ಊರಿನಲ್ಲಿ. ಆಚಾರಿ ಪೂರ್ತಿ ಹಣ ಮುಂಗಡ ಕೇಳುತ್ತಾರೆ.
– ಓದುಗರು, ಬೆಂಗಳೂರು

ಉತ್ತರ: ಮರ, ಸ್ಕ್ರೂ, ಪಾಲಿಶ್ ನೀವೇ ಕೊಂಡು ಹಾಕಿ. ಆಗ ಮುಂಗಡದ ಮಾತು ಕೂಲಿಗೆ ಇಳಿಯುತ್ತದೆ. ಅದರಲ್ಲಿ ಮೂರರಲ್ಲೊಂದು ಪಾಲು ಮೊದಲು, ಇನ್ನೊಂದು ಮೆಟ್ಟಿಲು ಕೂತ ಮೇಲೆ, ಕೊನೆಯದು ಪಾಲಿಶ್ ಒಣಗಿದ ಮೇಲೆ. ಪಾಲಿಶ್ ಹಾಕುವ ಮೊದಲು ಒಮ್ಮೆ ಊರಿಗೆ ಹೋಗಿ ಬರಿ ಮರವನ್ನು ನೋಡಿ ಬನ್ನಿ, ಲಪ್ಪ ಮೆತ್ತಿ ಬಣ್ಣ ಬಳಿದ ಮೇಲೆ ನೋಡಿ ಏನೂ ತಿಳಿಯುವುದಿಲ್ಲ. ಹೋಗುವ ದಿನ ಮಾತ್ರ ಪಂಚಾಂಗ ನೋಡಿಕೊಂಡು ಹೊರಡಿ, ಅಮಾವಾಸ್ಯೆಯಲ್ಲಿ ಉಳಿ ಮುಟ್ಟದ ಆಚಾರಿಗಳು ನಮ್ಮ ಕಡೆ ಇನ್ನೂ ಇದ್ದಾರೆ.